ಒಂದು ಹಳೆಯ ಕಾರು ವಿಮರ್ಶೆಯ ಜಾಡು ಹಿಡಿದು

ವಿಮರ್ಶೆ ಎಂದೊಡನೆ ನಮ್ಮ ಬಳಗದಲ್ಲಿ ಎಲ್ಲರ ಕಣ್ಣೂ ಪುಸ್ತಕದ ಕಪಾಟಿನ ಕಡೆ ಹೊರಳುತ್ತದೆ. ಕಾವ್ಯ, ಕಾದಂಬರಿ, ಬಹಳವೆಂದರೆ ಒಂದು ನಾಟಕ ಅಥವಾ ಸಿನಿಮಾ. ಆದರೆ ನಾವು ಬಂದು ನೆಲೆಸಿರುವ ಈ ದೇಶದಲ್ಲಿ ವಿಮರ್ಶೆ ಎಂಬ ಬರವಣಿಗೆಯನ್ನು ಕಾಸು ಕೊಟ್ಟು, ತಿಂಗಳು ತಿಂಗಳೂ ಕಾದು, ಅಕ್ಷರ ಅಕ್ಷರ ಬಿಡದೆ ಓದಿದ ಇನ್ನೊಂದು ದೊಡ್ಡ ಓದುಗ ವರ್ಗವಿದೆ. ಅದು ಕಾರು ಪ್ರಿಯರದು. ನಮ್ಮಲ್ಲಿ ಕೆಲವರು ಕೊಂಡ ಮೊದಲ ಟೊಯೋಟ, ಹೋಂಡಾಗಳ ಹಿಂದೆಯೂ ಅಂಥದೊಂದು ಪುಟದ ಶಿಫಾರಸು ಇದ್ದೇ ಇತ್ತು. ಆದ್ದರಿಂದ ಈ ಸಂಚಿಕೆಯಲ್ಲಿ ನಾವು ಪುಸ್ತಕ ವಿಮರ್ಶೆಯನ್ನು ಪಕ್ಕಕ್ಕಿಟ್ಟು, ಒಂದು ಕಾರು ವಿಮರ್ಶೆಯನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಅದು 'ಕಾರ್ ಅಂಡ್ ಡ್ರೈವರ್' ಪತ್ರಿಕೆಯ 1964ರ ಮಾರ್ಚ್ ಸಂಚಿಕೆಯಲ್ಲಿ ಪ್ರಕಟವಾದ, ಪಾಂಟಿಯಾಕ್ ಜಿಟಿಒ ಕುರಿತ ಬರಹ. ಕಾರಿನ ಗೀಳಿಲ್ಲದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಬೇಡಿ. ಮಾತು ಕೊನೆಗೆ ನಮ್ಮ ಮನೆಯಂಗಳಕ್ಕೇ ಬಂದು ನಿಲ್ಲುತ್ತದೆ.

ಬೇಸಿಗೆಯ ವಾರಾಂತ್ಯಗಳಲ್ಲಿ ಸ್ಟರ್ಲಿಂಗ್, ಆಶ್‌ಬರ್ನ್, ಲೀಸ್‌ಬರ್ಗ್ ಕಡೆಯ ಪಾರ್ಕಿಂಗ್ ಜಾಗಗಳಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಹುಡ್ ಎತ್ತಿಟ್ಟು, ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿರುವ ಹಿರಿಯರನ್ನು ನೀವೆಲ್ಲ ನೋಡಿರುತ್ತೀರಿ. ಅವರ ನಡುವೆ ಒಂದಾದರೂ ಜಿಟಿಒ ಇದ್ದರೆ ಅದರ ಬಗ್ಗೆ ಒಂದು ಮಾತು ಕೇಳಿಬರುವುದು ಖಂಡಿತ: ಇದು ಫೆರಾರಿಯನ್ನು ಸೋಲಿಸಿದ ಕಾರು, ಪತ್ರಿಕೆಯಲ್ಲೇ ಬಂದಿತ್ತು. ಯಾವ ಪತ್ರಿಕೆ, ಎಲ್ಲಿ ಸೋಲಿಸಿತು, ಯಾರು ಓಡಿಸಿದ್ದರು ಎಂದು ಕೇಳಿದರೆ ಉತ್ತರ ಮಸುಕಾಗುತ್ತದೆ. ಬೇಂದ್ರೆಯವರ ಬಗ್ಗೆ ಇಂಥವರು ಹೀಗೆ ಬರೆದಿದ್ದರಂತೆ, ಅಡಿಗರನ್ನು ಅಂಥವರು ಹಾಗೆ ಝಾಡಿಸಿದ್ದರಂತೆ ಎಂದು ನಾವು ಆಡಿಕೊಳ್ಳುವ ಮಾತಿನ ಜಾತಿಗೇ ಸೇರಿದ್ದು ಇದು. ತೀರ್ಪು ಎಲ್ಲರಿಗೂ ಬಾಯಿಪಾಠ; ತೀರ್ಪು ಬರೆದ ಪುಟವನ್ನು ಕಂಡವರು ವಿರಳ. ಆ ಪುಟವನ್ನು ಹುಡುಕಿ ತೆಗೆದು ಓದೋಣ ಎಂದು ಹೊರಟದ್ದು ಹೀಗೆ.

ಮೊದಲು ಹಿನ್ನೆಲೆ. ಕಾರನ್ನು ಓಡಿಸಿ ನೋಡಿ, ಅಳತೆ ಹಿಡಿದು, ಓದುಗರಿಗೆ ವರದಿ ಒಪ್ಪಿಸುವ ಪದ್ಧತಿಯನ್ನು ರೂಢಿಗೆ ತಂದದ್ದು ಇಂಗ್ಲೆಂಡಿನ 'ಆಟೋಕಾರ್' ಪತ್ರಿಕೆ, 1928ರಲ್ಲಿ. ಅಮೆರಿಕದಲ್ಲಿ ಅದಕ್ಕೆ ಜನಪ್ರಿಯ ರೂಪ ಕೊಟ್ಟವರು ಟಾಮ್ ಮೆಕಾಹಿಲ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಿಂದ, 'ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್' ಎಂಬ ಪತ್ರಿಕೆಯಲ್ಲಿ ಅವರು ಬರೆಯತೊಡಗಿದರು. ಅವರ ಹೆಸರುವಾಸಿ ಇದ್ದದ್ದು ಹೋಲಿಕೆಗಳಿಗೆ. ಒಂದು ಕಾರು ತಿರುವಿನಲ್ಲಿ ಹೇಗೆ ವಾಲುತ್ತದೆ ಎಂದು ಹೇಳಲು ಊಹೆಗೂ ಸಿಗದ ಉಪಮೆಯೊಂದನ್ನು ಹಿಡಿದು ತರುತ್ತಿದ್ದರು. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯದ ಚಕ್ರವರ್ತಿ ಎನ್ನುವ ನಾವು ಮೆಕಾಹಿಲ್‌ರಿಗೆ ಉಪಮೆಯ ಪಾಳೆಯಗಾರರ ಪಟ್ಟವನ್ನಾದರೂ ಕೊಡಬಹುದು. ಎಂದರೆ, 1964ರ ವೇಳೆಗೆ ಅಮೆರಿಕದ ಓದುಗನಿಗೆ ಕಾರು ವಿಮರ್ಶೆಯಲ್ಲಿ ಎರಡು ಬೇಕಿತ್ತು: ನಂಬುವಂಥ ಅಂಕಿ, ನಗಿಸುವಂಥ ವಾಕ್ಯ.

ಇದೇ ಕಾಲದಲ್ಲಿ ನಮ್ಮ ಊರುಗಳಲ್ಲಿ ಏನಿತ್ತು ಎಂದು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರೇ ಮೂರು ಹೆಸರು. ಅವುಗಳಿಗೂ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಸರದಿ ಬಂದಾಗ ಸಿಕ್ಕಿದ್ದನ್ನು ಕುಂಕುಮವಿಟ್ಟು, ನಿಂಬೆಹಣ್ಣು ಚಕ್ರದಡಿ ಇಟ್ಟು ಮನೆಗೆ ತರುವುದು. ಹಾಗೆ ಬಂದದ್ದನ್ನು ವಿಮರ್ಶೆ ಮಾಡುವವರುಂಟೆ? ಆಯ್ಕೆ ಇಲ್ಲದ ಕಡೆ ಕೃತಜ್ಞತೆ ಹುಟ್ಟೀತು, ಗೊಣಗಾಟ ಹುಟ್ಟೀತು. ವಿಮರ್ಶೆ ಹುಟ್ಟುವುದು ಕಷ್ಟ. ಅದಕ್ಕೇ ಇರಬೇಕು, ನಮ್ಮ ಪೀಳಿಗೆಗೆ ಈ ದೇಶಕ್ಕೆ ಬಂದ ಹೊಸತರಲ್ಲಿ ಪುಸ್ತಕದಂಗಡಿಯ ಮ್ಯಾಗಜೀನ್ ಸಾಲಿನಲ್ಲಿ ಕಾರುಗಳನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಜಾಲಾಡುವ ಬರಹಗಳನ್ನು ಕಂಡಾಗ ಅದೊಂದು ಹೊಸ ಸಾಹಿತ್ಯ ಪ್ರಕಾರದಂತೆಯೇ ಕಂಡಿತು.

ಈಗ ಹುಡುಕಾಟದ ವಿಷಯ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಜಿಟಿಒ ಹೆಸರಿಗೆ ಸಾವಿರಾರು ಪುಟಗಳು ಸಿಗುತ್ತವೆ. ಅವುಗಳಲ್ಲಿ ಹಲವು ಆ 1964ರ ಲೇಖನವನ್ನು ಉಲ್ಲೇಖಿಸುತ್ತವೆ. ಆದರೆ ಒಂದು ಇನ್ನೊಂದನ್ನು ನೋಡಿ ಬರೆದದ್ದು, ಇನ್ನೊಂದು ಮತ್ತೊಂದನ್ನು. ಅಂಕಿಗಳು ಮಾತ್ರ ಎಲ್ಲ ಕಡೆಯೂ ಒಂದೇ. ಎರಡನೆಯ ದಾರಿ ಮರುಮುದ್ರಣದ್ದು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಬುಕ್ಸ್ ಎಂಬ ಪ್ರಕಾಶನ ಸಂಸ್ಥೆ ಒಂದೊಂದು ಕಾರಿನ ಬಗೆಗೂ ಹಳೆಯ ಪತ್ರಿಕೆಗಳಲ್ಲಿ ಬಂದ ಪರೀಕ್ಷಾ ವರದಿಗಳನ್ನು ಕಲೆಹಾಕಿ ಪುಸ್ತಕ ಮಾಡುತ್ತದೆ. ಬಹಳ ಉಪಕಾರದ ಕೆಲಸ. ನಮ್ಮಲ್ಲಿ ಒಬ್ಬೊಬ್ಬ ಕವಿಯ ಬಗೆಗೂ ಅಂಥ ಸಂಪುಟಗಳಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮರುಮುದ್ರಣದಲ್ಲಿ ಲೇಖನ ಒಂಟಿಯಾಗಿ ಬರುತ್ತದೆ. ಅದರ ಹಿಂದೆ ಮುಂದೆ ಏನಿತ್ತು, ಮುಖಪುಟ ಏನು ಕೂಗುತ್ತಿತ್ತು, ಪಕ್ಕದ ಪುಟದಲ್ಲಿ ಯಾರ ಜಾಹೀರಾತು ಇತ್ತು ಎಂಬುದು ತಿಳಿಯುವುದಿಲ್ಲ.

ಮೂರನೆಯ ದಾರಿ ಲೈಬ್ರರಿ. ಸ್ಥಳೀಯ ಗ್ರಂಥಾಲಯದ ಮೂಲಕ ಬೇರೆ ಊರಿನಿಂದ ಲೇಖನದ ಪ್ರತಿ ತರಿಸಬಹುದು. ಅದೂ ಒಂಟಿ ಪುಟಗಳೇ. ಇಡೀ ಸಂಚಿಕೆ ನೋಡಬೇಕೆಂದರೆ ವಾಷಿಂಗ್ಟನ್ನಿನ ಪಕ್ಕದಲ್ಲಿರುವ ನಮಗೆ ಲೈಬ್ರರಿ ಆಫ್ ಕಾಂಗ್ರೆಸ್ ಇದೆ. 2022ರ ನವೆಂಬರಿನಲ್ಲಿ ಮೆಟ್ರೋದ ಸಿಲ್ವರ್ ಲೈನು ಡಲ್ಲಸ್ ದಾಟಿ ಆಶ್‌ಬರ್ನ್‌ವರೆಗೆ ಬಂದ ಮೇಲೆ ಅಲ್ಲಿಗೆ ಹೋಗುವುದು ಸುಲಭವಾಯಿತು. ಇಲ್ಲಿ ಹತ್ತಿದರೆ ಕ್ಯಾಪಿಟಲ್ ಸೌತ್‌ನಲ್ಲಿ ಇಳಿಯುವುದು, ಅಷ್ಟೆ. ಹದಿನಾರು ತುಂಬಿದ ಯಾರಿಗೆ ಬೇಕಾದರೂ ಓದುಗರ ಕಾರ್ಡನ್ನು ಉಚಿತವಾಗಿ ಕೊಡುತ್ತಾರೆ. ಪುಸ್ತಕವನ್ನು ಮನೆಗೆ ಮಾತ್ರ ಕೊಡುವುದಿಲ್ಲ. ಹುಡುಕುವವರಿಗೆ ಒಂದು ಕಿವಿಮಾತು: ಈ ಪತ್ರಿಕೆ 1955ರಲ್ಲಿ ಹುಟ್ಟಿದಾಗ ಇದರ ಹೆಸರು 'ಸ್ಪೋರ್ಟ್ಸ್ ಕಾರ್ಸ್ ಇಲಸ್ಟ್ರೇಟೆಡ್'. 'ಕಾರ್ ಅಂಡ್ ಡ್ರೈವರ್' ಎಂದಾದದ್ದು 1961ರಲ್ಲಿ. ಹಳೆಯ ವರ್ಷಗಳು ಬೇಕಾದವರು ಎರಡೂ ಹೆಸರಿನಲ್ಲಿ ಕ್ಯಾಟಲಾಗ್ ನೋಡಬೇಕು.

ಅದೇ ಕ್ಯಾಟಲಾಗಿನಲ್ಲಿ ಕನ್ನಡ ಎಂದು ಹುಡುಕಿದರೆ ಪುಸ್ತಕಗಳ ದೊಡ್ಡ ಸಾಲೇ ತೆರೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ನಮ್ಮ ಬಳಗದವರು ಕ್ಷಮಿಸಲಾರರು. ಅದರ ಕಥೆಯೂ ಸ್ವಾರಸ್ಯದ್ದೇ. ಅಮೆರಿಕ ಭಾರತಕ್ಕೆ ಕಳಿಸಿದ ಗೋಧಿಯ ಬಾಬ್ತು ರೂಪಾಯಿಯಲ್ಲೇ ಸಂದಾಯವಾಗಿ ಭಾರತದಲ್ಲೇ ಜಮೆಯಾಗಿತ್ತು. ಪಿ.ಎಲ್. 480 ಎಂಬ ಕಾನೂನಿನ ಅಡಿ ಆ ಹಣದ ಒಂದು ಪಾಲಿನಿಂದ 1962ರಿಂದ ಭಾರತೀಯ ಭಾಷೆಗಳ ಪುಸ್ತಕ, ಪತ್ರಿಕೆಗಳನ್ನು ಕೊಂಡು ಇಲ್ಲಿನ ಗ್ರಂಥಾಲಯಗಳಿಗೆ ಕಳಿಸುವ ಏರ್ಪಾಡಾಯಿತು. ನಮ್ಮ ಅಜ್ಜಿಯರು ರೇಷನ್ನಿನ ಗೋಧಿಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ, ಅದೇ ಗೋಧಿಯ ಲೆಕ್ಕದಲ್ಲಿ ಕನ್ನಡ ಪುಸ್ತಕಗಳು ಹಡಗು ಹತ್ತಿ ಇತ್ತ ಬರುತ್ತಿದ್ದವು.

ಲೈಬ್ರರಿಯಲ್ಲಿ ಓದಿದರೂ ಸಂಚಿಕೆಯೊಂದನ್ನು ಕೈಯಲ್ಲಿಟ್ಟುಕೊಂಡು ಬಳಗದಲ್ಲಿ ಚರ್ಚಿಸುವ ಆಸೆ ಉಳಿದಿತ್ತು. ಅದು ಈಡೇರಿದ್ದು ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ. ಇಲ್ಲಿಂದ ಸುಮಾರು ಎರಡು ಗಂಟೆಯ ದಾರಿ. 1974ರಿಂದ ಅಲ್ಲಿನ ಜಾತ್ರೆಯ ಬಯಲಿನಲ್ಲಿ ಹಳೆಯ ಕಾರುಗಳ ಬಿಡಿಭಾಗಗಳ ಸಂತೆ ನಡೆಯುತ್ತದೆ. ತುಕ್ಕು ಹಿಡಿದ ಬಂಪರು, ಕಾರ್ಬ್ಯುರೇಟರು, ಹಬ್‌ಕ್ಯಾಪುಗಳ ರಾಶಿಯ ನಡುವೆ ಕೆಲವು ಮಳಿಗೆಗಳ ಮೇಲೆ 'ಲಿಟರೇಚರ್' ಎಂದು ಬೋರ್ಡು. ಸಾಹಿತ್ಯ ಬಳಗದವರಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಬೇಕೆ! ಹಳೆಯ ಕಾರು ವ್ಯಾಪಾರದಲ್ಲಿ ಆ ಪದಕ್ಕೆ ಕಂಪನಿಯ ಕರಪತ್ರ, ಕೈಪಿಡಿ, ರಿಪೇರಿ ಪುಸ್ತಕ, ಹಳೆಯ ಪತ್ರಿಕೆ ಎಂದು ಅರ್ಥ. ರಟ್ಟಿನ ಪೆಟ್ಟಿಗೆಗಳಲ್ಲಿ ಪತ್ರಿಕೆಗಳನ್ನು ವರ್ಷವಾರು ಜೋಡಿಸಿ, ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ ಹಾಕಿ ಇಟ್ಟಿರುತ್ತಾರೆ. 'ಪ್ರಬುದ್ಧ ಕರ್ನಾಟಕ'ವನ್ನೋ 'ಜಯಕರ್ನಾಟಕ'ವನ್ನೋ ಹೀಗೆ ಜೋಡಿಸಿಟ್ಟ ಒಂದು ಸಂತೆ ನಮ್ಮ ಕಡೆ ಎಲ್ಲಾದರೂ ನಡೆದೀತೆ ಎಂದು ಆ ಪೆಟ್ಟಿಗೆಗಳ ಮುಂದೆ ನಿಂತು ನಾವು ನಿಟ್ಟುಸಿರು ಬಿಟ್ಟದ್ದುಂಟು.

ಸಂಚಿಕೆ ಸಿಕ್ಕಿತು. ಓದಿದೆವು. ಮೊದಲ ಆಶ್ಚರ್ಯ: ಫೆರಾರಿ ಅಲ್ಲಿ ಇರಲೇ ಇಲ್ಲ.

ಮುಖಪುಟದಲ್ಲಿ ಇದೆ, ನಿಜ. ಪಾಂಟಿಯಾಕ್ ಜಿಟಿಒ ಮತ್ತು ಫೆರಾರಿ ಜಿಟಿಒ ಎರಡೂ ಒಂದರ ಪಕ್ಕ ಒಂದು ಓಡುತ್ತಿರುವ ಚಿತ್ರ. ಆದರೆ ಅದು ಕಲಾವಿದರು ಬರೆದ ಚಿತ್ರ, ಫೋಟೋ ಅಲ್ಲ. ಎರಡೂ ಕಾರುಗಳನ್ನು ಒಟ್ಟಿಗೆ ಪರೀಕ್ಷಿಸುವ ಆಸೆ ಪತ್ರಿಕೆಗೆ ಇತ್ತು; ಫೆರಾರಿ ಒದಗಲಿಲ್ಲ. ಒದಗುವುದು ಸುಲಭವೂ ಇರಲಿಲ್ಲ. 1962ರಿಂದ 1964ರ ನಡುವೆ ತಯಾರಾದ 250 ಜಿಟಿಒಗಳೇ ಕೇವಲ 36. (ಅವುಗಳಲ್ಲಿ ಒಂದು 2018ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು.) ಆದ್ದರಿಂದ ಪತ್ರಿಕೆ ಫ್ಲಾರಿಡಾದ ಡೇಟೋನಾದಲ್ಲಿ ಪಾಂಟಿಯಾಕನ್ನು ಮಾತ್ರ ಓಡಿಸಿ, ಫೆರಾರಿಯ ಜತೆ ಪಂದ್ಯ ನಡೆದಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ ಬರೆಯಿತು. ನೇರ ದಾರಿಯ ಓಟದಲ್ಲಿ ಪಾಂಟಿಯಾಕ್ ಗೆಲ್ಲುತ್ತದೆ. ತಿರುವುಗಳ ಟ್ರ್ಯಾಕಿನಲ್ಲಿ ರೇಸಿನ ಸಸ್ಪೆನ್ಷನ್ ಹಾಕಿದರೆ ಅಲ್ಲಿಯೂ ಗೆಲ್ಲಬಲ್ಲದು ಎಂಬುದು ಆ ಊಹೆಯ ಸಾರ. 'ಹಾಕಿದರೆ' ಎಂಬ ಪದವನ್ನು ಗಮನಿಸಿ. ಆರು ದಶಕಗಳ ಬಾಯಿಮಾತಿನಲ್ಲಿ ಸವೆದು ಹೋದದ್ದು ಅದೊಂದೇ ಪದ. ಚಿತ್ರ ಉಳಿಯಿತು, ಷರತ್ತು ಉದುರಿತು.

ಹೆಸರಿನಲ್ಲೇ ಒಂದು ಚೇಷ್ಟೆ ಇತ್ತು ಎನ್ನಿ. ಜಿಟಿಒ ಎಂದರೆ ಇಟಾಲಿಯನ್ನಿನಲ್ಲಿ 'ಗ್ರಾನ್ ಟುರಿಸ್ಮೊ ಒಮೊಲೊಗಾಟೊ', ಅಂದರೆ ಇಂತಿಷ್ಟು ಸಂಖ್ಯೆಯಲ್ಲಿ ತಯಾರಾಗಿ ರೇಸಿನ ವರ್ಗಕ್ಕೆ ಮಾನ್ಯತೆ ಪಡೆದ ಕಾರು. ನಿಯಮದ ಪ್ರಕಾರ ನೂರು ಕಾರು ಬೇಕಿದ್ದಲ್ಲಿ ಫೆರಾರಿ, ಇದು ಹೊಸ ಕಾರಲ್ಲ, ಹಳೆಯದರ ಸುಧಾರಿತ ರೂಪ ಎಂದು ವಾದಿಸಿ ದಾಟಿಕೊಂಡಿತ್ತು. ಪಾಂಟಿಯಾಕ್‌ಗೆ ಅಂಥ ಮಾನ್ಯತೆಯ ಗೊಡವೆಯೂ ಇರಲಿಲ್ಲ. ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ಹೆಸರನ್ನು ಎತ್ತಿಕೊಂಡರು. ಕಾರು ಹುಟ್ಟಿದ್ದೂ ನಿಯಮದ ಸಂದಿಯಲ್ಲೇ. ಈ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಕೂಡದು ಎಂದು ಜನರಲ್ ಮೋಟಾರ್ಸ್ ಕಂಪನಿಯ ಕಟ್ಟಳೆ. ಅವರು 389 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನನ್ನು ಹೊಸ ಮಾದರಿ ಎಂದು ತೋರಿಸದೆ, ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಗಿರಾಕಿ ಬೇಕೆಂದರೆ ಸೇರಿಸುವ 'ಆಪ್ಷನ್' ಎಂದು ಪಟ್ಟಿಯಲ್ಲಿ ನುಸುಳಿಸಿದರು.

ಎರಡನೆಯದು ಅಂಕಿಗಳ ಮಾತು. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗಕ್ಕೆ 4.6 ಸೆಕೆಂಡು. 100 ಮೈಲಿಗೆ 11.8 ಸೆಕೆಂಡು; ಇದನ್ನು ಮುಖಪುಟದಲ್ಲೇ ಅಚ್ಚು ಹಾಕಿದ್ದರು. ಕಾಲು ಮೈಲಿಗೆ 13.1 ಸೆಕೆಂಡು. ಅದೇ ಕಾಲದಲ್ಲಿ ಬೇರೆ ಪತ್ರಿಕೆಗಳು ಜಿಟಿಒ ಓಡಿಸಿ ನೋಡಿದಾಗ 60 ಮೈಲಿ ಮುಟ್ಟಲು ಆರೂವರೆಯಿಂದ ಏಳೂಮುಕ್ಕಾಲು ಸೆಕೆಂಡಿನ ಆಸುಪಾಸು ಹಿಡಿದಿತ್ತು. ಕಾರಿನ ಲೋಕದಲ್ಲಿ ಎರಡು ಸೆಕೆಂಡು ಎಂದರೆ ಆನೆಗೂ ಆಡಿಗೂ ಇರುವ ಅಂತರ. ಈ ಅಂತರದ ಗುಟ್ಟು ಹೊರಬಿದ್ದದ್ದು ಮೂರು ದಶಕಗಳ ಮೇಲೆ. ಪಾಂಟಿಯಾಕ್‌ನ ಜಾಹೀರಾತು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ 1998ರಲ್ಲಿ ಪ್ರಕಟವಾದ ತಮ್ಮ ನೆನಪುಗಳ ಪುಸ್ತಕ 'ಗ್ಲೋರಿ ಡೇಸ್'ನಲ್ಲಿ ಅದನ್ನು ಬಿಚ್ಚಿಟ್ಟರು. ಪರೀಕ್ಷೆಗೆ ಕೊಟ್ಟ ಎರಡು ಕಾರುಗಳಲ್ಲಿ ವೇಗದ ಓಟಕ್ಕೆ ಬಳಸಿದ್ದರಲ್ಲಿ ಇದ್ದದ್ದು 389 ಎಂಜಿನ್ ಅಲ್ಲ, ಅದಕ್ಕಿಂತ ಅರ್ಧ ಲೀಟರ್ ದೊಡ್ಡದಾದ 421. ಪಾಂಟಿಯಾಕ್‌ನ ಈ ಎರಡು ಎಂಜಿನುಗಳೂ ಹೊರನೋಟಕ್ಕೆ ಅವಳಿ ಜವಳಿ. ಹುಡ್ ಎತ್ತಿ ನೋಡಿದರೂ ಗೊತ್ತಾಗುವಂಥದಲ್ಲ. ಕುದುರೆ ಜೂಜಿನಲ್ಲಿ ಒಂದರ ಹೆಸರಿನಲ್ಲಿ ಇನ್ನೊಂದನ್ನು ಓಡಿಸುವ ಕಸುಬು ಇದು.

ಹಾಗಾದರೆ ಆ ವಿಮರ್ಶೆ ಸುಳ್ಳೇ? ಇಲ್ಲಿ ನಾವು ಅವಸರಪಡಬಾರದು. ಗಡಿಯಾರ ತೋರಿಸಿದ್ದನ್ನೇ ಅವರು ಬರೆದರು. ಅವರ ಮುಂದೆ ಓಡಿದ ಕಾರು ನಿಜವಾಗಿ ಅಷ್ಟು ವೇಗದ್ದೇ. ಸುಳ್ಳು ಇದ್ದದ್ದು ಆ ಕಾರು ಅವರ ಕೈಗೆ ಬಂದ ದಾರಿಯಲ್ಲಿ. ಮಾರುವವನೇ ಆರಿಸಿ, ಸಿಂಗರಿಸಿ, ತಂದುಕೊಟ್ಟ ಕಾರು ಅದು. ವರದಿಯ ಒಂದೊಂದು ಅಂಕಿಯೂ ಪ್ರಾಮಾಣಿಕ, ಒಟ್ಟು ವರದಿ ಮಾತ್ರ ದಾರಿ ತಪ್ಪಿಸುವಂಥದ್ದು. ಅದರ ಫಲವೂ ಕಡಿಮೆಯದಲ್ಲ. 1964ರಲ್ಲಿ 32,450 ಜಿಟಿಒಗಳು ಮಾರಾಟವಾದವು, 1965ರಲ್ಲಿ 75,352, 1966ರಲ್ಲಿ 96,946. ಇಷ್ಟೂ ಒಂದು ಲೇಖನದ ಕೃಪೆ ಎಂದರೆ ಉತ್ಪ್ರೇಕ್ಷೆ. ಕಾರು ಅಗ್ಗವಾಗಿತ್ತು, ಚೆಲುವಾಗಿತ್ತು, ನಿಜವಾದ 389 ಎಂಜಿನ್ನೂ ಆ ಬೆಲೆಗೆ ಭರ್ಜರಿಯಾಗಿಯೇ ಓಡುತ್ತಿತ್ತು. ಆದರೆ ಆ ಮುಖಪುಟ ಕಾರಿಗೆ ಒಂದು ಪುರಾಣ ಕೊಟ್ಟಿತು. ಪುರಾಣಕ್ಕೆ ಗ್ಯಾರೇಜು ಬೇಡ, ಪೆಟ್ರೋಲು ಬೇಡ. ಅದು ಇನ್ನೂ ಓಡುತ್ತಲೇ ಇದೆ.

ಕಥೆಯ ಇನ್ನೊಂದು ಮುಖ ನಮಗೆ ಹೆಚ್ಚು ಕುತೂಹಲದ್ದು. ಆಗ ಆ ಪತ್ರಿಕೆಯನ್ನು ನಡೆಸುತ್ತಿದ್ದವರು ಡೇವಿಡ್ ಇ. ಡೇವಿಸ್. ಕಾರು ರೇಸಿನ ಅಪಘಾತದಲ್ಲಿ ಮುಖಕ್ಕೆ ತೀವ್ರ ಪೆಟ್ಟು ತಿಂದು ಉಳಿದವರು. ಷೆವ್ರೊಲೆ ಕಂಪನಿಗೆ ಜಾಹೀರಾತು ಬರೆದು ಕೈ ಪಳಗಿಸಿಕೊಂಡವರು. 1962ರಲ್ಲಿ ಪತ್ರಿಕೆಗೆ ಬಂದು ಅದಕ್ಕೆ ತುಂಟ, ನಿರ್ಭಿಡೆಯ ದನಿ ಕೊಟ್ಟವರು. 1968ರ ಏಪ್ರಿಲ್ ಸಂಚಿಕೆಯಲ್ಲಿ ಅವರು ಬಿಎಂಡಬ್ಲ್ಯು 2002 ಎಂಬ ಪುಟ್ಟ ಜರ್ಮನ್ ಕಾರಿನ ಬಗ್ಗೆ ಬರೆದರು. ಭಜನೆಯ ಪುಸ್ತಕದಲ್ಲಿ 2002ನೆಯದನ್ನು ತೆರೆಯಿರಿ ಎಂಬರ್ಥದ ಶೀರ್ಷಿಕೆ. ಇಡೀ ಬರಹ ಚರ್ಚಿನ ಪ್ರವಚನದ ಧಾಟಿಯ ಅಣಕ. ದೊಡ್ಡ ಎಂಜಿನ್, ದೊಡ್ಡ ಹೆಸರು, ದೊಡ್ಡ ಸದ್ದಿನ ಕಾರು ಕೊಳ್ಳುವವರನ್ನೆಲ್ಲ ಗೇಲಿ ಮಾಡುತ್ತ, ಎರಡು ಲೀಟರಿನ ಈ ಚೌಕಟ್ಟಾದ ಕಾರಿನಲ್ಲಿ ಜಾಣತನವಿದೆ ಎಂದು ಓದುಗನ ಭುಜ ಹಿಡಿದು ಅಲ್ಲಾಡಿಸುವ ಬರಹ. ನಾಲ್ಕು ವರ್ಷದ ಹಿಂದೆ ಜಿಟಿಒ ಮೆರೆಸಿದ ಪತ್ರಿಕೆಯಲ್ಲೇ ಇದು ಬಂತು ಎಂಬುದು ಅದರ ಸೊಗಸು.

ಅಷ್ಟು ಮೆಚ್ಚಿದ ಕಾರಿನಲ್ಲೂ ಡೇವಿಸ್ ಒಂದನ್ನು ಬಿಡಲಿಲ್ಲ: ಅದರ ಬ್ಲಾಪುಂಕ್ಟ್ ರೇಡಿಯೋ. ಅದು ಏನೂ ಹಿಡಿಯುವುದಿಲ್ಲ ಎಂದು ಮೊನಚಾಗಿ ಲೇವಡಿ ಮಾಡಿದರು. ಆ ಒಂದೆರಡು ಸಾಲಿನಿಂದ ಜಾಹೀರಾತುದಾರರು ಕೆರಳಿ, ಪತ್ರಿಕೆಯ ಒಳಗೆ ಜಗಳವಾಗಿ, ಡೇವಿಸ್ ಹೊರಬರಬೇಕಾಯಿತು ಎಂಬುದು ಅಮೆರಿಕದ ಕಾರು ಪತ್ರಿಕೋದ್ಯಮದಲ್ಲಿ ಇಂದಿಗೂ ಹೇಳಿಕೊಳ್ಳುವ ಕಥೆ. ಮುಂದೆ ಅವರು ಅದೇ ಪತ್ರಿಕೆಗೆ ಮರಳಿದರು, 1986ರಲ್ಲಿ 'ಆಟೋಮೊಬೈಲ್' ಎಂಬ ಹೊಸ ಪತ್ರಿಕೆ ಕಟ್ಟಿದರು, 2011ರಲ್ಲಿ ತೀರಿಕೊಂಡರು. ಒಬ್ಬನೇ ಸಂಪಾದಕ, ನಾಲ್ಕು ವರ್ಷದ ಅಂತರ. ಒಂದರಲ್ಲಿ ಯಾರೋ ಸಜ್ಜು ಮಾಡಿಕೊಟ್ಟ ಕಾರಿಗೆ ಪತ್ರಿಕೆಯ ಮುಖಪುಟವನ್ನೇ ಕೊಟ್ಟದ್ದು. ಇನ್ನೊಂದರಲ್ಲಿ ಮೆಚ್ಚಿದ ಕಾರಿನ ಒಂದು ರೇಡಿಯೋವನ್ನೂ ಸುಮ್ಮನೆ ಬಿಡದ್ದು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ನಮಗೆ ತೋರಿದ್ದು ಇದು: ವಿಮರ್ಶಕನ ಧೈರ್ಯ ಅವನ ವಾಕ್ಯದಲ್ಲಿ ಕಾಣುತ್ತದೆ, ಆದರೆ ವಿಮರ್ಶೆಯ ಸತ್ಯ ವಾಕ್ಯಕ್ಕಿಂತ ಮೊದಲೇ, ವಸ್ತು ಅವನ ಕೈಸೇರಿದ ಗಳಿಗೆಯಲ್ಲೇ, ಅರ್ಧ ತೀರ್ಮಾನವಾಗಿರುತ್ತದೆ.

ಇದನ್ನು ಅರಿತು ನಡೆದವರೂ ಇದ್ದರು. 1936ರಲ್ಲಿ ಹುಟ್ಟಿದ ಕನ್ಸ್ಯೂಮರ್ಸ್ ಯೂನಿಯನ್ ತನ್ನ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆಗೆ ಹೊರಗಿನ ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಪರೀಕ್ಷಿಸುವ ಕಾರನ್ನು ಮಾಮೂಲಿ ಗಿರಾಕಿಯಂತೆ ಡೀಲರ ಬಳಿ ದುಡ್ಡು ಕೊಟ್ಟು ಕೊಳ್ಳುತ್ತದೆ. ಅಲ್ಲಿ ಎಂಜಿನ್ ಅದಲು ಬದಲು ನಡೆಯದು. ಆದರೆ ಅದರ ಪುಟಗಳನ್ನು ಅರವತ್ತು ವರ್ಷದ ಮೇಲೆ ಸಂತೆಯಲ್ಲಿ ಹುಡುಕಿಕೊಂಡು ಹೋಗುವ ರಸಿಕರನ್ನು ನಾವು ಕಂಡಿಲ್ಲ. ಅದು ರಕ್ತ ಪರೀಕ್ಷೆಯ ವರದಿಯ ಹಾಗೆ. ಅಗತ್ಯ, ನಂಬಲರ್ಹ, ಮತ್ತೆ ಓದುವಂಥದಲ್ಲ. ಒಂದು ಕಡೆ ಗದ್ಯವಿದೆ, ಜಾಮೀನು ಇಲ್ಲ. ಇನ್ನೊಂದು ಕಡೆ ಜಾಮೀನು ಇದೆ, ಗದ್ಯವಿಲ್ಲ. ಎರಡೂ ಕೂಡಿದ ವಿಮರ್ಶೆ ಅಪರೂಪ, ಕಾರಿನಲ್ಲೂ ಕಾವ್ಯದಲ್ಲೂ.

ಹೊರಗಿನವರ ಕಾರಿನ ಬಗ್ಗೆ ಹೀಗೆ ನ್ಯಾಯ ಹೇಳುವುದು ಸುಲಭ; ನಮ್ಮೂರಿನ ಕಾರಾದರೆ? ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ಕನಸಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ವಿದ್ಯುತ್ ಕಾರು ರೇವಾ ನಮ್ಮಲ್ಲಿ ಹಲವರಿಗೆ ನೆನಪಿದೆ. ಇದು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. 2007ರಲ್ಲಿ ಇಂಗ್ಲೆಂಡಿನ 'ಟಾಪ್ ಗೇರ್' ಪತ್ರಿಕೆ ಅದನ್ನು ಗಂಟೆಗೆ 40 ಮೈಲಿ ವೇಗದಲ್ಲಿ ತಡೆಗೋಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಒಳಗೆ ಕೂತ ಮನುಷ್ಯನಿಗೆ ಗಂಭೀರ ಪೆಟ್ಟಾಗುತ್ತಿತ್ತು ಎಂಬುದು ಪರೀಕ್ಷೆಯ ಫಲಿತಾಂಶ. ಇಂಥ ಸುದ್ದಿ ಕೇಳಿದಾಗ ನಮ್ಮವರ ಬಾಯಲ್ಲಿ ಬರುವ ಮಾತು ಎರಡೇ: ನಮ್ಮವರನ್ನು ಕಂಡರೆ ಅವರಿಗೆ ಆಗುವುದಿಲ್ಲ ಎಂಬುದೊಂದು, ನಮ್ಮವರು ಮಾಡಿದ್ದು ಇಷ್ಟೇ ಎಂಬುದು ಇನ್ನೊಂದು. ಎರಡಕ್ಕೂ ವರದಿ ಓದುವ ಅಗತ್ಯವಿಲ್ಲ! ಓದಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಅಲ್ಲಿನ ಕಾನೂನಿನಲ್ಲಿ ಅದು ಕಾರೇ ಅಲ್ಲ, 'ಕ್ವಾಡ್ರಿಸೈಕಲ್' ಎಂಬ ಹಗುರ ವಾಹನ ವರ್ಗಕ್ಕೆ ಸೇರಿದ್ದು. ಕಾರಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕೆ ಇರಲಿಲ್ಲ. ಹಾಗಾದರೆ ಕಾರಿನ ಅಳತೆಗೋಲು ಹಿಡಿದದ್ದು ಅನ್ಯಾಯವೇ? ಅಥವಾ ಕಾರುಗಳ ನಡುವೆಯೇ ಓಡಾಡುವ ಮೇಲೆ ಕಾರಿನ ಅಳತೆಗೋಲೇ ನ್ಯಾಯವೇ? ನಮಗೆ ಎರಡನೆಯ ಮಾತೇ ಸರಿ ಎನಿಸುತ್ತದೆ, ಅಭಿಮಾನಕ್ಕೆ ಕಹಿಯಾದರೂ. ರಸ್ತೆಯಲ್ಲಿ ಎದುರಿಗೆ ಬರುವ ಲಾರಿ ನಮ್ಮ ವಾಹನದ ವರ್ಗ ಕೇಳಿ ಗುದ್ದುವುದಿಲ್ಲ. ಆದರೆ ಪೇಟೆಯೊಳಗಿನ ನಿಧಾನದ ಓಡಾಟಕ್ಕೆ, ಹೊಗೆಯಿಲ್ಲದ ಸವಾರಿಗೆ ಕಟ್ಟಿದ ವಾಹನವೆಂಬ ಮಾತನ್ನೂ ಆ ತೀರ್ಪಿನ ಪಕ್ಕದಲ್ಲೇ ಬರೆದಿಡಬೇಕು. ವಿದ್ಯುತ್ ಕಾರುಗಳು ಬೀದಿ ಬೀದಿಯಲ್ಲಿ ಓಡುವ ಇಂದು ಆ ಮಾತಿಗೆ ತೂಕ ಹೆಚ್ಚಿದೆ.

ಈಗ ಮನೆಯಂಗಳಕ್ಕೆ. ಕನ್ನಡದಲ್ಲಿ ವಿಮರ್ಶೆಯ ದೊಡ್ಡ ಕೆಲಸ ಮಾಡಿದ ಎರಡು ಕಿರುಪತ್ರಿಕೆಗಳ ಹೆಸರು ನೋಡಿ. ಗೋಪಾಲಕೃಷ್ಣ ಅಡಿಗರದು 'ಸಾಕ್ಷಿ', 1962ರಲ್ಲಿ. ಅನಂತಮೂರ್ತಿಯವರದು 'ರುಜುವಾತು', 1981ರಲ್ಲಿ. ಎರಡೂ ಕೋರ್ಟು ಕಚೇರಿಯ ಪದಗಳು. ವಿಮರ್ಶೆ ಎಂದರೆ ಅಲಂಕಾರವೂ ಅಲ್ಲ, ಆಶೀರ್ವಾದವೂ ಅಲ್ಲ, ಸಾಕ್ಷಿ ನುಡಿಯುವುದು ಎಂಬ ಅರಿವು ಆ ಹೆಸರುಗಳಲ್ಲೇ ಇದೆ. ಸಾಕ್ಷಿ ಕಟಕಟೆಗೆ ಬಂದರೆ ಅವನನ್ನು ಪಾಟೀಸವಾಲಿಗೆ ಒಳಪಡಿಸಬೇಕು: ನೀನು ಕಂಡದ್ದೇನು, ಎಲ್ಲಿ ನಿಂತು ಕಂಡೆ, ನಿನ್ನನ್ನು ಅಲ್ಲಿಗೆ ಕರೆದೊಯ್ದವರು ಯಾರು? ಮೂಲ ಸಂಚಿಕೆ ಕೈಯಲ್ಲಿಲ್ಲದೆ ಈ ಪಾಟೀಸವಾಲು ಸಾಧ್ಯವಿಲ್ಲ. ಉದ್ಧರಣೆಯನ್ನು ಎಷ್ಟು ಕೇಳಿದರೂ ಅದು ಹೇಳಿದ್ದನ್ನೇ ಹೇಳುತ್ತದೆ.

ನಮ್ಮಂಥ ಹೊರನಾಡಿನ ಬಳಗಗಳಿಗೆ ಇದು ಇನ್ನೂ ಹತ್ತಿರದ ಮಾತು. ಇಲ್ಲಿ ಬರೆಯುವವರು, ಓದುವವರು, ವಿಮರ್ಶಿಸುವವರು ಎಲ್ಲರೂ ಒಂದೇ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಭಾತಿಗೆ ಸಾಲು ನಿಲ್ಲುವವರು. ಪುಸ್ತಕ ಲೇಖಕರ ಕೈಯಿಂದಲೇ, ಹಸ್ತಾಕ್ಷರದ ಸಮೇತ, ಪ್ರೀತಿಯಿಂದ ಬರುತ್ತದೆ. ಬಿಡುಗಡೆಯ ದಿನ ಆಡಿದ ಮಾತೇ ಮರುವಾರ ವಿಮರ್ಶೆಯಾಗಿ ಅಚ್ಚಾಗುತ್ತದೆ. ಮುನ್ನುಡಿಯ ಸಾಲೇ ಬೆನ್ನುಡಿಯಾಗಿ, ಬೆನ್ನುಡಿಯೇ ಪ್ರಕಟಣೆಯಾಗಿ, ಪ್ರಕಟಣೆಯೇ ಮುಂದೆ ಸಾಹಿತ್ಯ ಚರಿತ್ರೆಯಾಗುವ ಅಪಾಯವಿದೆ. ಇದರಲ್ಲಿ ಯಾರ ದುರುದ್ದೇಶವೂ ಬೇಕಿಲ್ಲ. ಡೇಟೋನಾದಲ್ಲಿ ಗಡಿಯಾರ ಹಿಡಿದವರಿಗೂ ದುರುದ್ದೇಶವಿರಲಿಲ್ಲ.

ಹಾಗೆಂದು ಪರಿಚಿತರ ಪುಸ್ತಕದ ಬಗ್ಗೆ ಬರೆಯಲೇಬಾರದು ಎಂದರೆ ಈ ಪುಟಗಳು ಖಾಲಿ ಉಳಿಯುತ್ತವೆ. ನಾವು ಕೇಳುವುದು ಇಷ್ಟೇ. ವಿಮರ್ಶೆ ಬರೆಯುವಾಗ ಪುಸ್ತಕ ಕೈಗೆ ಬಂದ ಬಗೆಯನ್ನು ಒಂದು ಸಾಲಿನಲ್ಲಿ ಹೇಳಿಬಿಡೋಣ. ಕೊಂಡದ್ದೋ, ಕೊಟ್ಟದ್ದೋ, ಲೇಖಕರು ಸ್ನೇಹಿತರೋ, ಹಸ್ತಪ್ರತಿಯಲ್ಲೇ ಓದಿದ್ದೋ? ಹೊಗಳುವ ಪುಸ್ತಕದಲ್ಲೂ ಕೆಟ್ಟ ರೇಡಿಯೋ ಇದ್ದರೆ ಹೆಸರಿಸೋಣ. ಹಳೆಯವರ ತೀರ್ಪನ್ನು ಉದ್ಧರಿಸುವ ಮುನ್ನ, ಆ ತೀರ್ಪು ಅಚ್ಚಾದ ಸಂಚಿಕೆಯನ್ನು ಒಮ್ಮೆ ಕಣ್ಣಾರೆ ಕಾಣೋಣ. ಎಷ್ಟೋ 'ಸೋಲಿಸಿದರೆ'ಗಳು ದಾರಿಯಲ್ಲಿ 'ಸೋಲಿಸಿತು' ಆಗಿರುತ್ತವೆ. ನಿಮ್ಮ ಬೇಸ್‌ಮೆಂಟಿನ ಪೆಟ್ಟಿಗೆಗಳಲ್ಲಿ, ಊರಿನ ಅಟ್ಟದ ಮೇಲೆ, 'ಸಾಕ್ಷಿ', 'ರುಜುವಾತು', ಹಳೆಯ 'ಕಸ್ತೂರಿ', 'ಸುಧಾ', 'ಮಯೂರ' ಏನೇ ಇದ್ದರೂ ದಯವಿಟ್ಟು ರದ್ದಿಗೆ ಹಾಕಬೇಡಿ, ಬೇಕಾದ ಒಂದು ಲೇಖನ ಹರಿದಿಟ್ಟುಕೊಂಡು ಉಳಿದದ್ದನ್ನು ಎಸೆಯಲೂ ಬೇಡಿ. ಜಾಹೀರಾತಿನ ಸಮೇತ, ಮುಖಪುಟದ ಸಮೇತ ಇಡೀ ಸಂಚಿಕೆ ಇರಲಿ. ಯಾವ ವರ್ಷದ್ದು, ಯಾವ ಸಂಚಿಕೆ ಎಂದು ನಮಗೆ ಬರೆದು ತಿಳಿಸಿದರೆ ಬಳಗದ ವತಿಯಿಂದ ಒಂದು ಪಟ್ಟಿ ಮಾಡಿ ಇದೇ ಪುಟಗಳಲ್ಲಿ ಹಂಚುತ್ತೇವೆ.